ನೂರು ಮಕ್ಕಳ ಸಾಲಿನಲ್ಲಿ ನಮ್ಮ ಮಗು
ಶಾಲೆಯ ಆರೋಗ್ಯ ಕಾರ್ಡನ್ನು ಓದುವುದು ಹೇಗೆ?



ಸೆಪ್ಟೆಂಬರ್ 8ರ ತೆನೆಹಬ್ಬ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ದೇವಾಲಯಗಳ ಅಂಗಳ ಮಕ್ಕಳಿಂದ ತುಂಬುತ್ತದೆ. ಹೊಸ ಅಕ್ಕಿಯ ಊಟಕ್ಕೆಂದು ಮಂಗಳೂರಿನಿಂದ, ಬೆಂಗಳೂರಿನಿಂದ, ದೂರದ ಗಲ್ಫ್ ನಾಡುಗಳಿಂದ ನೆಂಟರು ಬರುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳನ್ನು ನೋಡುವ ಈ ಹಿರಿಯರ ಬಾಯಿಂದ ಮೊದಲು ಬರುವ ಮಾತು ಮಕ್ಕಳ ಮೈಕಟ್ಟಿನ ಬಗ್ಗೆಯೇ. “ಏನು ಪುಟ್ಟಿ, ಹೀಗೆ ಕಡ್ಡಿಯ ಹಾಗಾಗಿದ್ದೀಯಾ? ಅಮ್ಮ ಊಟ ಹಾಕುವುದಿಲ್ಲವೇ?” ಎಂದು ಒಬ್ಬರು ಕೇಳಿದರೆ, “ನೋಡಿ, ಈ ಹುಡುಗ ಎಷ್ಟು ದುಂಡಗಿದ್ದಾನೆ, ಒಳ್ಳೆಯ ಆರೋಗ್ಯ!” ಎಂದು ಇನ್ನೊಬ್ಬರು ಕೆನ್ನೆ ಹಿಂಡುತ್ತಾರೆ. ಎರಡೂ ಪ್ರೀತಿಯ ಮಾತುಗಳೇ. ಆದರೆ ಸಪೂರವಿರುವ ಮಗುವೆಲ್ಲ ದುರ್ಬಲವಲ್ಲ, ದುಂಡಗಿರುವ ಮಗುವೆಲ್ಲ ಆರೋಗ್ಯವಂತವೂ ಅಲ್ಲ.

ಈಗ ಕಣ್ಣಳತೆಯ ಜೊತೆಗೆ ಇನ್ನೊಂದು ಅಳತೆಯೂ ನಮ್ಮ ಮನೆಗಳಿಗೆ ಬಂದಿದೆ. 2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರದ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ವ್ಯವಸ್ಥೆಯಿದೆ. ಖಾಸಗಿ ಶಾಲೆಗಳೂ ಆರೋಗ್ಯ ಕಾರ್ಡು ಕೊಡುತ್ತವೆ. ಅದರಲ್ಲಿ ಎತ್ತರ, ತೂಕ, ಕೆಳಗೆ ಬಿ.ಎಂ.ಐ. ಎಂಬ ಸಂಖ್ಯೆ, ಕೆಲವೊಮ್ಮೆ ಪರ್ಸೆಂಟೈಲ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಕಾರ್ಡು ನೋಡಿದ ತಂದೆತಾಯಿಗೆ ಗಾಬರಿಯಾಗುತ್ತದೆ, ಇಲ್ಲವೇ ಏನೂ ಅರ್ಥವಾಗದೆ ಕಾರ್ಡು ಕಪಾಟು ಸೇರುತ್ತದೆ.

ಇದು ಸಣ್ಣ ವಿಷಯವಲ್ಲ. ಕಾರ್ಡಿನಲ್ಲಿ ‘ಅಧಿಕ ತೂಕ’ ಎಂದು ಬರೆದದ್ದನ್ನು ನೋಡಿ ಹೈಸ್ಕೂಲಿನ ಹುಡುಗಿ ರಾತ್ರಿಯ ಊಟ ಬಿಡುವ ಮನೆಗಳಿವೆ. ಚೆನ್ನಾಗಿ ಓಡಾಡಿಕೊಂಡಿರುವ ಸಪೂರದ ಹುಡುಗನಿಗೆ ಡಬ್ಬಿಗಟ್ಟಲೆ ಟಾನಿಕ್ ಪುಡಿ ಕುಡಿಸುವ ಮನೆಗಳಿವೆ. ನಿಜವಾಗಿ ತೂಕ ಕಳೆದುಕೊಳ್ಳುತ್ತಿರುವ ಮಗುವನ್ನು “ನಮ್ಮ ವಂಶವೇ ಹೀಗೆ” ಎಂದು ಸುಮ್ಮನೆ ಬಿಡುವ ಮನೆಗಳೂ ಇವೆ. ಆದ್ದರಿಂದ ಈ ಎರಡು ಸಂಖ್ಯೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ಈ ಲೇಖನದಲ್ಲಿ ಸಾವಧಾನವಾಗಿ ನೋಡೋಣ.

ಬಿ.ಎಂ.ಐ. ಎಂದರೇನು?

ಬಾಡಿ ಮಾಸ್ ಇಂಡೆಕ್ಸ್ ಎಂಬುದರ ಚಿಕ್ಕ ರೂಪವೇ ಬಿ.ಎಂ.ಐ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಯುವ ಒಂದು ಲೆಕ್ಕ ಅದು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಒಬ್ಬ ಹುಡುಗನ ಎತ್ತರ 125 ಸೆಂಟಿಮೀಟರ್, ಅಂದರೆ 1.25 ಮೀಟರ್, ತೂಕ 27.5 ಕಿಲೋ ಎಂದುಕೊಳ್ಳೋಣ. 27.5ನ್ನು 1.25ರಿಂದ ಭಾಗಿಸಿದರೆ 22 ಬರುತ್ತದೆ. ಅದನ್ನು ಮತ್ತೊಮ್ಮೆ 1.25ರಿಂದ ಭಾಗಿಸಿದರೆ 17.6. ಇದೇ ಆ ಹುಡುಗನ ಬಿ.ಎಂ.ಐ.

ಈ ಲೆಕ್ಕವನ್ನು 19ನೇ ಶತಮಾನದಲ್ಲಿ ಕಂಡುಕೊಂಡವರು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞರು. ಅವರು ವೈದ್ಯರಾಗಿರಲಿಲ್ಲ, ಜನಸಮುದಾಯದ ಸರಾಸರಿ ಮನುಷ್ಯ ಹೇಗಿರುತ್ತಾನೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಇದಕ್ಕೆ ಈಗಿನ ಹೆಸರು ಕೊಟ್ಟರು. ಜನಸಮೂಹವನ್ನು ಅರಿಯಲೆಂದು ಹುಟ್ಟಿದ ಅಳತೆಯನ್ನು ಒಂದು ಮಗುವಿಗೆ ಅನ್ವಯಿಸುವಾಗ ಎಚ್ಚರ ಬೇಕು.

ಒಂದೇ ಸಂಖ್ಯೆಗೆ ಮೂರು ಅರ್ಥ

ದೊಡ್ಡವರಿಗೆ ಬಿ.ಎಂ.ಐ. ಓದುವುದು ಸುಲಭ. 18.5ಕ್ಕಿಂತ ಕಡಿಮೆಯಾದರೆ ಕೃಶ. 25 ದಾಟಿದರೆ ಅಧಿಕ ತೂಕ. ನಮ್ಮ ದೇಶದವರಿಗೆ 23 ದಾಟಿದಾಗಲೇ ಎಚ್ಚರ ಬೇಕೆನ್ನುತ್ತಾರೆ. ವಯಸ್ಸು ಇಪ್ಪತ್ತೈದಿರಲಿ, ಐವತ್ತಿರಲಿ, ಗೆರೆ ಅದೇ.

ಮಕ್ಕಳ ವಿಷಯ ಹಾಗಲ್ಲ. ಮಗು ಹುಟ್ಟಿದ ಮೊದಲ ವರ್ಷದಲ್ಲಿ ಮೈತುಂಬಿಕೊಳ್ಳುತ್ತದೆ. ನಡೆಯಲು, ಓಡಲು ಕಲಿತ ಮೇಲೆ ಎತ್ತರ ಬೇಗ ಏರಿ ಮೈ ಇಳಿಯುತ್ತದೆ. ಐದಾರು ವರ್ಷದ ಹೊತ್ತಿಗೆ ಮಕ್ಕಳು ಅತ್ಯಂತ ಸಪೂರವಾಗಿರುತ್ತಾರೆ. “ಒಂದನೇ ತರಗತಿಗೆ ಸೇರಿದ ಮೇಲೆ ಮಗು ಸೊರಗಿತು” ಎಂದು ತಾಯಂದಿರು ಹೇಳುವುದು ಈ ಕಾಲದಲ್ಲೇ. ಬಹುಪಾಲು ಅದು ಸಹಜ. ಅನಂತರ ಬಿ.ಎಂ.ಐ. ಮತ್ತೆ ನಿಧಾನವಾಗಿ ಏರತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಯಲ್ಲಿ ಗಂಡುಮಕ್ಕಳ ನಡುವಿನ ಗೆರೆ 5ನೇ ವಯಸ್ಸಿನಲ್ಲಿ 15.3, 10ರಲ್ಲಿ 16.4, 15ರಲ್ಲಿ 19.8.

ಈಗ ನಮ್ಮ ಹುಡುಗನ 17.6ಕ್ಕೆ ಹಿಂದಿರುಗೋಣ. ಇಪ್ಪತ್ತೈದು ವರ್ಷದ ಯುವಕನಿಗೆ ಈ ಸಂಖ್ಯೆ ಬಂದರೆ ಅವನು ತೀರ ಸಪೂರ ಎಂದರ್ಥ. ಹದಿನೈದು ವರ್ಷದವನಿಗೆ ಬಂದರೆ ಸಪೂರದ ಕಡೆಗಿದ್ದರೂ ಸರಿಯಾದ ಮಿತಿಯೊಳಗೇ ಇದ್ದಾನೆ. ಆದರೆ ಎಂಟು ವರ್ಷದ ಹುಡುಗನಿಗೆ ಇದೇ 17.6 ಬಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅವನು ಅಧಿಕ ತೂಕದ ಗೆರೆಯನ್ನು ಆಗಲೇ ದಾಟಿದ್ದಾನೆ. ಆ ವಯಸ್ಸಿನ ಗಂಡುಮಕ್ಕಳಿಗೆ ಗೆರೆ ಇರುವುದು 17.4ರಲ್ಲಿ. ದೊಡ್ಡವರ ಪಟ್ಟಿ ಹಿಡಿದು “18.5ಕ್ಕಿಂತ ಕಡಿಮೆಯಿದೆ, ಇನ್ನಷ್ಟು ತಿನ್ನಿಸಿ” ಎಂದು ಯಾರಾದರೂ ಸಲಹೆ ಕೊಟ್ಟರೆ ಆ ಹುಡುಗನಿಗೆ ಕೇಡೇ ಆದೀತು. ಗೋಡೆಗೆ ಅಂಟಿಸಿದ ದೊಡ್ಡವರ ಪಟ್ಟಿಯಲ್ಲಿ ಮಕ್ಕಳ ಸಂಖ್ಯೆಯನ್ನು ಎಂದಿಗೂ ಹುಡುಕಬಾರದು.

ಪರ್ಸೆಂಟೈಲ್ ಎಂದರೆ ಅಂಕವಲ್ಲ

ಇದಕ್ಕಾಗಿಯೇ ಪರ್ಸೆಂಟೈಲ್ ಎಂಬ ಲೆಕ್ಕ ಬಂತು. ನಮ್ಮ ಮಗುವಿನ ವಯಸ್ಸಿನ, ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಒಟ್ಟು ನೂರು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದೇವೆ ಎಂದು ಭಾವಿಸೋಣ. ಅತಿ ಕಡಿಮೆ ಬಿ.ಎಂ.ಐ. ಇರುವ ಮಗು ಮೊದಲು, ಅತಿ ಹೆಚ್ಚಿರುವ ಮಗು ಕೊನೆಗೆ. ಈ ಸಾಲಿನಲ್ಲಿ ನಮ್ಮ ಮಗು ನಿಲ್ಲುವ ಜಾಗವೇ ಪರ್ಸೆಂಟೈಲ್. 40 ಎಂದರೆ ಸುಮಾರು 40 ಮಕ್ಕಳ ಬಿ.ಎಂ.ಐ. ನಮ್ಮ ಮಗುವಿಗಿಂತ ಕಡಿಮೆ, ಸುಮಾರು 60 ಮಕ್ಕಳದ್ದು ಹೆಚ್ಚು. ನಾವು ಹೇಳಿದ ಎಂಟು ವರ್ಷದ ಹುಡುಗ ಈ ಸಾಲಿನಲ್ಲಿ 86ರ ಆಸುಪಾಸಿನಲ್ಲಿ ನಿಲ್ಲುತ್ತಾನೆ, ಅದೇ 17.6 ಇರುವ ಹದಿನೈದರ ಹುಡುಗ ತನ್ನ ಸಾಲಿನಲ್ಲಿ 16ರ ಆಸುಪಾಸಿನಲ್ಲಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಬೇಕು. ಮೊದಲನೆಯದು, ಇದು ಪರೀಕ್ಷೆಯ ಅಂಕವಲ್ಲ. 85 ಬಂದರೆ ಡಿಸ್ಟಿಂಕ್ಷನ್, 30 ಬಂದರೆ ಫೇಲು ಎಂಬುದು ಇಲ್ಲಿಲ್ಲ. ಎರಡನೆಯದು, 50 ಎಂಬುದು ಎಲ್ಲ ಮಕ್ಕಳೂ ಮುಟ್ಟಬೇಕಾದ ಗುರಿಯಲ್ಲ. ನೂರು ಮಕ್ಕಳ ಸಾಲಿದ್ದರೆ ಯಾರಾದರೊಬ್ಬರು 20ರಲ್ಲಿ, ಇನ್ನೊಬ್ಬರು 70ರಲ್ಲಿ ನಿಲ್ಲಲೇಬೇಕು. ಕೆಲವರು ಹುಟ್ಟಿನಿಂದಲೇ ಸಪೂರ ಮೈಕಟ್ಟಿನವರು, ಕೆಲವರು ಅಗಲ ಮೈಕಟ್ಟಿನವರು. ಇಬ್ಬರೂ ಆರೋಗ್ಯವಂತರಾಗಿರಬಲ್ಲರು.

ಯಾವ ನೂರು ಮಕ್ಕಳು?

ಸಾಲಿನಲ್ಲಿ ಜಾಗ ಎಲ್ಲಿದೆ ಎನ್ನುವ ಮೊದಲು, ಆ ಸಾಲಿನಲ್ಲಿ ನಿಂತ ಉಳಿದ ಮಕ್ಕಳು ಯಾರು ಎಂದು ಕೇಳಬೇಕು. ಈಗ ಮೂರು ನಕ್ಷೆಗಳು ಬಳಕೆಯಲ್ಲಿವೆ.

ಮೊದಲನೆಯದು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ 2000ನೇ ಇಸವಿಯ ನಕ್ಷೆ. ಸಿ.ಡಿ.ಸಿ. ನಕ್ಷೆ ಎನ್ನುತ್ತಾರೆ. ಅಲ್ಲಿನ ಮಕ್ಕಳ ಅಳತೆಯಿಂದ ತಯಾರಾದದ್ದು. ಅದರಲ್ಲಿ 5ಕ್ಕಿಂತ ಕೆಳಗೆ ಕಡಿಮೆ ತೂಕ, 85ರಿಂದ 95ರೊಳಗೆ ಅಧಿಕ ತೂಕ, 95 ಮತ್ತು ಮೇಲೆ ಬೊಜ್ಜು. ಮೊಬೈಲಿನಲ್ಲಿ ಸಿಗುವ ಅನೇಕ ಲೆಕ್ಕದ ಆ್ಯಪ್‌ಗಳು ಇದನ್ನೇ ಬಳಸುತ್ತವೆ.

ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯದು. ಐದು ವರ್ಷದೊಳಗಿನವರಿಗೆ 2006ರಲ್ಲಿ ಬಂದ ನಕ್ಷೆಗಾಗಿ ಆರು ದೇಶಗಳ ಮಕ್ಕಳನ್ನು ಅಳೆದರು. ಅವುಗಳಲ್ಲಿ ನಮ್ಮ ದೇಶವೂ ಒಂದು, ಅಳತೆ ನಡೆದದ್ದು ದೆಹಲಿಯಲ್ಲಿ. 5ರಿಂದ 19 ವರ್ಷದವರ ನಕ್ಷೆ 2007ರಲ್ಲಿ ಬಂತು. ಅದರಲ್ಲಿ ಸುಮಾರು 84ನೇ ಸ್ಥಾನದ ಮೇಲೆ ಅಧಿಕ ತೂಕ, ಸುಮಾರು 98ರ ಮೇಲೆ ಬೊಜ್ಜು, 2ಕ್ಕೂ ಸ್ವಲ್ಪ ಮೇಲಿನ ಗೆರೆಯ ಕೆಳಗೆ ಕೃಶ.

ಮೂರನೆಯದು ಭಾರತೀಯ ಮಕ್ಕಳ ತಜ್ಞರ ಸಂಘ, ಅಂದರೆ ಐ.ಎ.ಪಿ., 2015ರಲ್ಲಿ ಪ್ರಕಟಿಸಿದ 5ರಿಂದ 18 ವರ್ಷದವರ ನಕ್ಷೆ. ಇದಕ್ಕಾಗಿ ದೇಶದ 14 ನಗರಗಳ ಮಕ್ಕಳ ಅಳತೆಗಳನ್ನು ಒಟ್ಟುಗೂಡಿಸಿದರು. ನಮ್ಮ ಮೈಸೂರೂ ಆ ಪಟ್ಟಿಯಲ್ಲಿದೆ. ಮಕ್ಕಳ ತಜ್ಞರ ಬಳಿ ಹೋದರೆ ಸಾಮಾನ್ಯವಾಗಿ ಕಾಣುವುದು ಇದೇ ನಕ್ಷೆ. ಇದರಲ್ಲಿ 3ಕ್ಕಿಂತ ಕೆಳಗೆ ಕೃಶ. ಮೇಲಿನ ಎರಡು ಗೆರೆಗಳನ್ನು ಬೇರೆ ರೀತಿಯಲ್ಲಿ ಎಳೆದಿದ್ದಾರೆ: ಈ ಮಗು ಹೀಗೇ ಬೆಳೆದರೆ ದೊಡ್ಡವನಾದಾಗ ಬಿ.ಎಂ.ಐ. 23 ಆಗುವ ಗೆರೆ ಒಂದು, 27 ಆಗುವ ಗೆರೆ ಇನ್ನೊಂದು. ಹಾಗೆ ನೋಡಿದಾಗ ಅಧಿಕ ತೂಕದ ಎಚ್ಚರಿಕೆ ಗಂಡುಮಕ್ಕಳಿಗೆ 71ನೇ ಸ್ಥಾನದಲ್ಲಿ, ಹೆಣ್ಣುಮಕ್ಕಳಿಗೆ 75ನೇ ಸ್ಥಾನದಲ್ಲಿ ಆರಂಭವಾಗುತ್ತದೆ. ಬೊಜ್ಜಿನ ಗೆರೆ ಕ್ರಮವಾಗಿ 90 ಮತ್ತು 95.

ದುಬೈಯಲ್ಲಿರುವ ಚಿಕ್ಕಪ್ಪ ತನ್ನ ಮೊಬೈಲಿನಲ್ಲಿ ನೋಡಿ “ಎಲ್ಲ ಸರಿಯಿದೆ” ಎನ್ನುತ್ತಾರೆ, ಶಿವಮೊಗ್ಗದ ವೈದ್ಯರು “ಸ್ವಲ್ಪ ಹೆಚ್ಚಿದೆ” ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ನೋಡಿದ ಸಾಲುಗಳು ಬೇರೆ. ಆದ್ದರಿಂದ ಕಾರ್ಡಿನಲ್ಲಿ ಸಂಖ್ಯೆಯಿದ್ದರೆ “ಇದು ಯಾವ ನಕ್ಷೆ?” ಎಂದು ಕೇಳಿ ಬರೆದಿಟ್ಟುಕೊಳ್ಳಿ. ವರ್ಷ ವರ್ಷವೂ ಅದೇ ನಕ್ಷೆಯಲ್ಲಿ ನೋಡಿ.

ನಮ್ಮ ಮಕ್ಕಳಿಗೆ ಬೇಗನೆ ಎಚ್ಚರಿಕೆ ಏಕೆ?

ಭಾರತದ ನಕ್ಷೆ ಮೊದಲೇ ಎಚ್ಚರಿಸುವುದಕ್ಕೆ ಕಾರಣವಿದೆ. ಅದನ್ನು ತೋರಿಸಿದ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನು ದಾಖಲಿಸಿ ಜೋಪಾನ ಮಾಡಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡುಬಂತು. ಇದು ಪ್ರಕಟವಾದದ್ದು 1996ರಲ್ಲಿ.

ಮತ್ತೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಶಿಶುಗಳು ತೂಕದಲ್ಲೂ ಉದ್ದದಲ್ಲೂ ಚಿಕ್ಕವರು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅವರಷ್ಟೇ ಇತ್ತು. ನಾಲ್ಕು ವರ್ಷವಾದಾಗಲೂ ಈ ಲಕ್ಷಣ ಹೋಗಿರಲಿಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರೂ ಇದನ್ನೇ ಕಂಡಿದ್ದರು. ಹೊರಗೆ ಸಪೂರ, ಒಳಗೆ ಕೊಬ್ಬು. ಇದು ಭಾರತೀಯರ ಮೈಕಟ್ಟಿನ ಗುಣ. ಒಂದೇ ಬಿ.ಎಂ.ಐ. ಇದ್ದರೂ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಮಾಂಸಖಂಡದ ಪಾಲು ಕಡಿಮೆ. ಹಾಗಾಗಿ ಸಕ್ಕರೆ ಕಾಯಿಲೆ ನಮ್ಮಲ್ಲಿ ಕಡಿಮೆ ತೂಕದಲ್ಲೇ ಕಾಣಿಸಿಕೊಳ್ಳುತ್ತದೆ.

ಒಂದು ಚುಕ್ಕೆಯಲ್ಲ, ಇಡೀ ಗೆರೆ

ಈಗ ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ಮತ್ತೆ ಮತ್ತೆ ಅಳೆದು ದಾಖಲಿಸಿದ್ದರು. ಅವರಲ್ಲಿ 1,492 ಜನರನ್ನು 26ರಿಂದ 32ನೇ ವಯಸ್ಸಿನಲ್ಲಿ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಕಂಡವರು ಬಾಲ್ಯದಲ್ಲಿ ಹೇಗಿದ್ದರು? ಎರಡು ವರ್ಷದವರೆಗೆ ಹೆಚ್ಚಾಗಿ ಸಪೂರವಾಗಿದ್ದರು. ಆಮೇಲೆ ಅವರ ಬಿ.ಎಂ.ಐ. ಇತರರಿಗಿಂತ ಬೇಗ ಏರತೊಡಗಿ ವೇಗವಾಗಿ ಏರುತ್ತಲೇ ಹೋಯಿತು. ಆದರೆ ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರಿಗೂ ಬೊಜ್ಜು ಇರಲಿಲ್ಲ!

ಇದರ ಅರ್ಥವೇನು? ಹನ್ನೆರಡನೇ ವಯಸ್ಸಿನ ಒಂದೇ ಕಾರ್ಡು ನೋಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಎಲ್ಲ ವರ್ಷಗಳ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದಿದ್ದರೆ ಅಪಾಯ ಕಾಣುತ್ತಿತ್ತು. ಇದನ್ನು ಮೂರು ಉದಾಹರಣೆಗಳಿಂದ ತಿಳಿಯೋಣ.

ಒಬ್ಬ ಹುಡುಗಿಯ ಬಿ.ಎಂ.ಐ. 10ನೇ ವಯಸ್ಸಿನಲ್ಲಿ 15, 12ನೇ ವಯಸ್ಸಿನಲ್ಲಿ 16.2. ವಿಶ್ವ ಆರೋಗ್ಯ ಸಂಸ್ಥೆಯ ನಕ್ಷೆಯಲ್ಲಿ ಎರಡು ಬಾರಿಯೂ ಅವಳು 20ರ ಸ್ವಲ್ಪ ಕೆಳಗೆ ನಿಲ್ಲುತ್ತಾಳೆ. ನೋಡಲು ಸಪೂರ. ಆದರೆ ತನ್ನದೇ ಗೆರೆಯಲ್ಲಿ ನೆಟ್ಟಗೆ ಬೆಳೆಯುತ್ತಿದ್ದಾಳೆ, ಎತ್ತರವೂ ಏರುತ್ತಿದೆ. ಇವಳಿಗೆ ಟಾನಿಕ್ ಪುಡಿ ಬೇಡ.

ಒಬ್ಬ ಹುಡುಗನದು 6ನೇ ವಯಸ್ಸಿನಲ್ಲಿ 15.3, ಅಂದರೆ ಸಾಲಿನ ನಡುವೆ. 8ನೇ ವಯಸ್ಸಿನಲ್ಲಿ 17.3. ಅಧಿಕ ತೂಕದ ಗೆರೆ 17.4 ಆದ್ದರಿಂದ ಕಾರ್ಡಿನಲ್ಲಿ ‘ಸಾಮಾನ್ಯ’ ಎಂದೇ ಬರೆಯುತ್ತಾರೆ. ಆದರೆ ಎರಡೇ ವರ್ಷದಲ್ಲಿ ಅವನು 50ರಿಂದ 80ರ ಆಚೆಗೆ ಹೋಗಿದ್ದಾನೆ. ಇವನ ಮನೆಯವರು ಈಗಲೇ ತಿಂಡಿ, ಆಟ, ನಿದ್ದೆಯ ಕಡೆ ಗಮನ ಕೊಡಬೇಕು.

ಇನ್ನೊಬ್ಬ ಹುಡುಗಿ 13ನೇ ವಯಸ್ಸಿನಲ್ಲಿ 152 ಸೆಂಟಿಮೀಟರ್ ಎತ್ತರ, 43.4 ಕಿಲೋ ತೂಕ, ಬಿ.ಎಂ.ಐ. 18.8, ಸರಿಯಾಗಿ ನಡುವಿನಲ್ಲಿದ್ದಳು. ಮರುವರ್ಷ ಎತ್ತರ 154, ತೂಕ 39.4, ಬಿ.ಎಂ.ಐ. 16.6. ಇದೂ ‘ಸಾಮಾನ್ಯ’ ಮಿತಿಯೊಳಗೇ ಇದೆ. ಆದರೆ ಬೆಳೆಯುವ ವಯಸ್ಸಿನ ಮಗು ನಾಲ್ಕು ಕಿಲೋ ಕಳೆದುಕೊಂಡಿದೆ. ಕಾಯಿಲೆಯೋ, ಗುಟ್ಟಾಗಿ ಊಟ ಬಿಡುತ್ತಿದ್ದಾಳೋ, ಮನಸ್ಸಿನ ನೋವೋ, ಕಾರಣ ಹುಡುಕಲೇಬೇಕು. ಮೂವರಲ್ಲಿ ಮೊದಲು ವೈದ್ಯರ ಬಳಿ ಹೋಗಬೇಕಾದವಳು ಇವಳು.

ಅಳತೆ ಸರಿಯಿದೆಯೇ?

ಗೆರೆ ಎಳೆಯಬೇಕಾದರೆ ಅಳತೆ ನಂಬುವಂತಿರಬೇಕು. ಈ ನಾಲ್ಕನ್ನು ನೆನಪಿಡಿ.

1. ಎತ್ತರ: ಚಪ್ಪಲಿ, ಬೂಟು, ಕೂದಲಿನ ಕ್ಲಿಪ್ಪು ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೇರ ಮುಂದೆ ನೋಡುವಂತೆ ನಿಲ್ಲಿಸಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಗುರುತು ಹಾಕಿ. ನಾವು ಹೇಳಿದ 125 ಸೆಂಟಿಮೀಟರಿನ ಹುಡುಗನನ್ನು ತಪ್ಪಾಗಿ 127 ಎಂದು ಬರೆದರೆ ಬಿ.ಎಂ.ಐ. 17.05 ಆಗಿ ‘ಸಾಮಾನ್ಯ’ನಾಗುತ್ತಾನೆ. 123 ಎಂದು ಬರೆದರೆ 18.2 ಆಗುತ್ತದೆ. ಎರಡು ಸೆಂಟಿಮೀಟರಿನ ತಪ್ಪು ಅಷ್ಟು ದೂರ ಒಯ್ಯುತ್ತದೆ.

2. ತೂಕ: ಹಗುರ ಬಟ್ಟೆಯಲ್ಲಿ, ಸಾಧ್ಯವಾದಷ್ಟು ಒಂದೇ ತಕ್ಕಡಿಯಲ್ಲಿ ನೋಡಿ. ಮಳೆಗಾಲದ ಸ್ವೆಟರ್, ಒದ್ದೆ ಬೂಟುಗಳ ತೂಕ ಸೇರಿಸಬೇಡಿ.

3. ವಯಸ್ಸು: ವರ್ಷದ ಜೊತೆ ತಿಂಗಳನ್ನೂ ಲೆಕ್ಕ ಹಾಕಬೇಕು. 20.3 ಬಿ.ಎಂ.ಐ. ಇರುವ ಹುಡುಗ 12 ವರ್ಷದವನಾದರೆ ಅಧಿಕ ತೂಕ, 13 ವರ್ಷದವನಾದರೆ ಸಾಮಾನ್ಯ. ಶಾಲೆಗೆ ಸೇರಿಸುವ ಅನುಕೂಲಕ್ಕೆ ಬರೆಸಿದ ದಿನಾಂಕ ಬೇರೆ, ಹುಟ್ಟಿದ ದಿನ ಬೇರೆ ಆಗಿರುವ ಮಕ್ಕಳಿದ್ದಾರೆ. ಅನುಮಾನವಿದ್ದರೆ ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಕೇಳಿ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಹುಟ್ಟಿದ ದಿನವನ್ನೂ ಬರೆದಿರುತ್ತೇವೆ.

4. ಎಷ್ಟು ಬಾರಿ: ವರ್ಷಕ್ಕೆ ಎರಡು ಸಲ ಸಾಕು. ದಿನಾ ತಕ್ಕಡಿ ಹತ್ತಿಸಿದರೆ ಮಗುವಿನ ಮನಸ್ಸು ಕೆಡುತ್ತದೆ.

ಈ ಸಂಖ್ಯೆ ಹೇಳದೇ ಇರುವ ಮಾತುಗಳು

ಬಿ.ಎಂ.ಐ.ಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಎಂದು ಗೊತ್ತಿಲ್ಲ. ವಾಲಿಬಾಲ್, ಕಬಡ್ಡಿ ಆಡುವ ಗಟ್ಟಿಮೈಯ ಹುಡುಗನ ಸಂಖ್ಯೆ ಹೆಚ್ಚಿರಬಹುದು. ಇದಕ್ಕೆ ಸರಳ ಪರೀಕ್ಷೆಯೊಂದಿದೆ: ಆರು ವರ್ಷ ಮೀರಿದ ಮಗುವಿನ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. 140 ಸೆಂಟಿಮೀಟರ್ ಎತ್ತರದವರಿಗೆ 70ರೊಳಗೆ.

ಬಿ.ಎಂ.ಐ. ಕುಳ್ಳಗಿರುವುದನ್ನೂ ಹೇಳುವುದಿಲ್ಲ. ಬಹುಕಾಲ ಪೌಷ್ಟಿಕ ಆಹಾರ ಸಾಲದ ಮಗು ಎತ್ತರದಲ್ಲೂ ತೂಕದಲ್ಲೂ ಕುಂಠಿತವಾದರೆ ಬಿ.ಎಂ.ಐ. ಸರಿಯಾಗಿಯೇ ಬರುತ್ತದೆ. ಆದ್ದರಿಂದ ವಯಸ್ಸಿಗೆ ತಕ್ಕ ಎತ್ತರದ ನಕ್ಷೆಯನ್ನೂ ಜೊತೆಯಲ್ಲೇ ನೋಡಬೇಕು.

ರಕ್ತಹೀನತೆಯನ್ನೂ ಅದು ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ದುಂಡಗಿರುವ ಹುಡುಗಿಗೂ ರಕ್ತ ಕಡಿಮೆ ಇರಬಹುದು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆಗಳನ್ನು ಮಕ್ಕಳು ನುಂಗುತ್ತಾರೋ ಎಸೆಯುತ್ತಾರೋ ಕೇಳಿ ನೋಡಿ.

ಇನ್ನೊಂದು ಮಾತು. ಬೊಜ್ಜಿನ ಸುದ್ದಿ ಓದಿ ಓದಿ ನಾವು ಹಸಿವನ್ನು ಮರೆಯಬಾರದು. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ಕೃಶರು, 5 ಮಂದಿ ಅಧಿಕ ತೂಕದವರು. ತೋಟವಿರುವ ಮನೆಯ ಮಗುವೂ ತೋಟದಲ್ಲಿ ಕೂಲಿ ಮಾಡುವ ಮನೆಯ ಮಗುವೂ ಒಂದೇ ಧರ್ಮೋಪದೇಶದ ತರಗತಿಯಲ್ಲಿ ಕುಳಿತಿರುತ್ತವೆ. ಇಬ್ಬರಿಗೂ ಒಂದೇ ಸಲಹೆ ಸಲ್ಲುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ತೂಕ ಹೆಚ್ಚಿರುವ ಮಗುವಿಗೆ ಉಪವಾಸ, ಡಯಟ್ ಎಂದು ಊಟ ಕಡಿಮೆ ಮಾಡಿಸುವುದು ಸಲ್ಲದು. ಮಗುವಿಗೆ ಇನ್ನೂ ಬೆಳೆಯುವ ಎತ್ತರವಿದೆ. ಬಹಳ ಮಕ್ಕಳಿಗೆ ತೂಕ ಇಳಿಯುವುದೂ ಬೇಕಾಗಿಲ್ಲ. ತೂಕ ಏರುವುದು ನಿಧಾನವಾಗಿ ಎತ್ತರ ಏರಿದರೆ ಬಿ.ಎಂ.ಐ. ತಾನಾಗಿ ಕೆಳಗಿನ ಗೆರೆಗೆ ಬರುತ್ತದೆ. ಬದಲಾವಣೆಯನ್ನು ಇಡೀ ಮನೆಯೇ ಮಾಡಬೇಕು. ಅಣ್ಣನ ತಟ್ಟೆಯಲ್ಲಿ ಚಿಪ್ಸ್, ತಂಗಿಯ ತಟ್ಟೆಯಲ್ಲಿ ಸೌತೆಕಾಯಿ ಇಟ್ಟರೆ ತಂಗಿ ಕಲಿಯುವುದು ಕದ್ದು ತಿನ್ನುವುದನ್ನು.

ನಮ್ಮ ಮಲೆನಾಡಿನ ಅಡುಗೆ ಕೆಟ್ಟದ್ದಲ್ಲ. ಗಂಜಿ, ಕಡುಬು, ರೊಟ್ಟಿ, ಸನ್ನಗಳ ಜೊತೆ ಕಾಳಿನ ಪಲ್ಯ, ಬಸಳೆ, ನುಗ್ಗೆಸೊಪ್ಪು, ಮೊಟ್ಟೆ, ಮೀನು, ಹಲಸಿನ ಬೀಜ ಇದ್ದರೆ ಅದು ಪೂರ್ಣ ಊಟ. ಅನ್ನ ಮಾತ್ರ ಗುಡ್ಡೆಯಾಗಿ, ಉಳಿದದ್ದು ಚಿಟಿಕೆಯಷ್ಟಾದಾಗ ತೊಂದರೆ. ಸಪೂರದ ಮಗುವಿಗೂ ದುಡ್ಡು ಕೊಟ್ಟು ತರುವ ಪುಡಿಗಿಂತ ಒಂದು ಮೊಟ್ಟೆ, ಒಂದು ಮುಷ್ಟಿ ಕಡಲೆಕಾಯಿ ಹೆಚ್ಚು ಬಲ ಕೊಡುತ್ತದೆ. ನಮ್ಮ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 2013ರಲ್ಲಿ ಹಾಲು ಕೊಡುವ ಯೋಜನೆ ಬಂತು. ಮೊಟ್ಟೆ ಅಥವಾ ಬಾಳೆಹಣ್ಣನ್ನು 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಲಾಯಿತು. “ಬಡವರ ಮಕ್ಕಳಿಗೆ ಕೊಡುವುದು” ಎಂದು ನಾಚದೆ ತಿನ್ನಲು ಹೇಳಿ. ಬಸ್‌ಸ್ಟ್ಯಾಂಡಿನ ಬೇಕರಿಯ ಪಫ್ಸು, ಬಣ್ಣದ ಪಾನೀಯ, ಹತ್ತು ರೂಪಾಯಿಯ ಪೊಟ್ಟಣಗಳು ದಿನದ ತಿಂಡಿಯಾಗದಿರಲಿ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಮೈದಣಿಯೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ನಮ್ಮ ಮಕ್ಕಳು ಮೊಬೈಲ್ ಹಿಡಿದು ಕೂರುತ್ತಾರೆ. ಮನೆಯ ಜಗಲಿ, ಚರ್ಚಿನ ಸಭಾಂಗಣ, ಶಾಲೆಯ ವರಾಂಡದಲ್ಲಿ ಸ್ಕಿಪ್ಪಿಂಗ್, ನೃತ್ಯ, ಕುಂಟಾಬಿಲ್ಲೆಗೆ ಜಾಗ ಮಾಡಿಕೊಡೋಣ. ಪ್ರಾಥಮಿಕ ಶಾಲೆಯ ಮಕ್ಕಳಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ದೆ, ಹೈಸ್ಕೂಲಿನವರಿಗೆ 8 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ನಾಲಿಗೆ. ‘ಡುಮ್ಮ’, ‘ಕಡ್ಡಿ’, ‘ಆನೆಮರಿ’ ಎಂಬ ಅಡ್ಡಹೆಸರುಗಳನ್ನು ಮಕ್ಕಳು ನಕ್ಕು ಮರೆಯುವುದಿಲ್ಲ. ಕೆಲವರು ಒಳಗೇ ಕುಗ್ಗುತ್ತಾರೆ, ಕೆಲವರು ಊಟ ಬಿಡುತ್ತಾರೆ, ಕೆಲವರು ಬೇಸರಕ್ಕೆ ಇನ್ನಷ್ಟು ತಿನ್ನುತ್ತಾರೆ. ಕಾರ್ಡಿನ ಸಂಖ್ಯೆಯನ್ನು ನೆಂಟರ ಮುಂದೆ, ಅಕ್ಕತಮ್ಮಂದಿರ ಮುಂದೆ ಓದಬೇಡಿ. ಶಿಕ್ಷಕರೂ ತರಗತಿಯಲ್ಲಿ ತೂಕವನ್ನು ಕೂಗಿ ಹೇಳಬಾರದು.

ವೈದ್ಯರ ಬಳಿ ಯಾವಾಗ?

ಮಗು ನಕ್ಷೆಯಲ್ಲಿ ಎರಡು ಗೆರೆಗಳನ್ನು ಮೇಲಕ್ಕೋ ಕೆಳಕ್ಕೋ ದಾಟಿದರೆ. 3ರ ಕೆಳಗೆ ಅಥವಾ ಬೊಜ್ಜಿನ ಗೆರೆಯ ಮೇಲೆ ಇದ್ದರೆ. ಎತ್ತರ ಏರುವುದು ನಿಂತು ತೂಕ ಮಾತ್ರ ಏರುತ್ತಿದ್ದರೆ. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗುತ್ತಿದ್ದರೆ. ನಿದ್ದೆಯಲ್ಲಿ ಜೋರಾಗಿ ಗೊರಕೆಯಿದ್ದರೆ. ಹುಡುಗಿಯರ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ. ತೂಕ ಇಳಿಯುತ್ತಾ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ ಇದ್ದರೆ ಒಂದು ದಿನವೂ ತಡಮಾಡಬೇಡಿ. ಅದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಮೂರೂ ಪಟ್ಟಣಗಳ ತಾಲ್ಲೂಕು ಆಸ್ಪತ್ರೆಗಳು, ಅಗತ್ಯಬಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ಹೋಗುವಾಗ ಹಳೆಯ ಕಾರ್ಡುಗಳನ್ನೆಲ್ಲ ಒಯ್ಯಿರಿ. ಅಂಗನವಾಡಿಯ ಕಾಲದ ತಾಯಿ ಕಾರ್ಡು ಉಳಿದಿದ್ದರೆ ಅದನ್ನೂ ಒಯ್ಯಿರಿ.

ಪ್ರಿಯರೇ, ಈ ಭಾನುವಾರ ಮನೆಯಲ್ಲಿ ಒಂದು ಚಿಕ್ಕ ಕೆಲಸ ಮಾಡೋಣ. ಕಪಾಟಿನಲ್ಲಿ ಅಲ್ಲಲ್ಲಿ ಬಿದ್ದಿರುವ ಮಗುವಿನ ಆರೋಗ್ಯ ಕಾರ್ಡುಗಳನ್ನು ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವಯಸ್ಸು, ಎತ್ತರ, ತೂಕಗಳನ್ನು ಸಾಲಾಗಿ ಬರೆದಿಡೋಣ. ಶಾಲೆ ಶುರುವಾಗುವ ಜೂನ್‌ನಲ್ಲಿ ಒಂದು ಸಾಲು, ಕ್ರಿಸ್ಮಸ್ ರಜೆಯಲ್ಲಿ ಇನ್ನೊಂದು ಸಾಲು. ಹಾಸ್ಟೆಲಿನಲ್ಲಿ ಓದುವ ಮಕ್ಕಳು ರಜೆಗೆ ಬಂದಾಗ ಅವರದ್ದೂ ಒಂದು ಸಾಲು. ಈ ಪುಸ್ತಕ ಮಗುವಿನ ಹದಿನೆಂಟನೇ ವಯಸ್ಸಿನವರೆಗೆ ಮನೆಯಲ್ಲಿರಲಿ. ವೈದ್ಯರು “ಮೊದಲು ಹೇಗಿತ್ತು?” ಎಂದು ಕೇಳಿದ ದಿನ ತೆರೆದು ತೋರಿಸಲು ನಮ್ಮ ಕೈಯಲ್ಲಿ ಅದು ಇರುತ್ತದೆ.